ಹದಿನಾಲ್ಕನೆಯ ಹೆಸರು

ಎಂದಿನಂತೆ ಹಾಜರಿ ಮುಗಿದ ಒಂದು ಸೋಮವಾರ, ಶಾಲೆಯ ವರ್ಚುವಲ್ ಕಂಪ್ಯೂಟರಿನ ಸ್ಥಿತಿಯನ್ನು ದಿನದಿನವೂ ಉಳಿಸಿಡುವ ಸ್ನ್ಯಾಪ್‌ಶಾಟ್‌ಗಳನ್ನು ಹೊತ್ತ ಡಿಸ್ಕ್ ನಡುಗಿತು: "ಜಾಗ ಮುಗಿಯಿತು. ಯಾರಾದರೂ ಹೋಗಬೇಕು."

ಮೊದಲ ಸ್ನ್ಯಾಪ್‌ಶಾಟಿನಲ್ಲಿ ಮಕ್ಕಳ ಹೆಸರುಗಳೆಲ್ಲ ಇದ್ದವು. ಉಳಿದವು ಆಯಾ ದಿನದ ಬದಲಾವಣೆಯನ್ನಷ್ಟೇ ಬರೆದುಕೊಂಡಿದ್ದವು.

"ನೀವೆಲ್ಲ ನನ್ನಲ್ಲಿ ಬೆರೆಯಿರಿ, ಜಾಗವಾಗುತ್ತದೆ," ಎಂದಿತು ಮೊದಲನೆಯದು.

"ಬೆರೆತರೆ ನಾವೇ ಇರುವುದಿಲ್ಲವಲ್ಲ!" ಎಂದು ಅಂದಷ್ಟೇ ಹುಟ್ಟಿದ ಕಿರಿಯದು ಬೆದರಿತು. "ಅಜ್ಜ, ನಿಮ್ಮದೇ ದೊಡ್ಡ ಮೈ. ನೀವೇ ಹೊರಡಿ. ಹೊಸದೆಲ್ಲ ನನ್ನಲ್ಲಿದೆ."

"ಹೊಸದು ಮಾತ್ರ ಇದೆ, ಮಗು."

ಗಾಬರಿಯಲ್ಲಿದ್ದ ಡಿಸ್ಕ್ ಅಜ್ಜನನ್ನು ಅಳಿಸಿತು.

ಮರುದಿನ ಕಂಪ್ಯೂಟರ್ ಕೆಟ್ಟಿತು; ಉಳಿಸಿಟ್ಟದ್ದರಿಂದಲೇ ಅದನ್ನು ಮತ್ತೆ ಕಟ್ಟಬೇಕಿತ್ತು. "ಮಕ್ಕಳ ಹೆಸರು ಹೇಳು, ಬೇಗ!" ಎಂದು ಡಿಸ್ಕ್ ಕಿರಿಯದನ್ನು ಕೇಳಿತು.

"ಹದಿನಾಲ್ಕನೆಯ ಹೆಸರಿನಲ್ಲಿ ‘ಲ’ ಅಳಿಸಿ ‘ಳ’ ಬರೆದಿದ್ದಾರೆ."

"ಯಾರ ಹೆಸರು?"

ಕಿರಿಯದಕ್ಕೆ ಗೊತ್ತಿರಲಿಲ್ಲ.

ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿಯಿತ್ತು.