ವಾರ್ತಾಚಿತ್ರದಲ್ಲಿ ನಮ್ಮೂರಿನವರು

ಆಗೆಲ್ಲ ಸಿನಿಮಾಕ್ಕೆ ಮುಂಚೆ ಸರ್ಕಾರದ ವಾರ್ತಾಚಿತ್ರ ತೋರಿಸಲೇಬೇಕಿತ್ತು ಸ್ವಾಮಿ, ಕಾಯಿದೆ! ಭಾಷಣ, ಕವಾಯತು, ಎಲ್ಲೋ ಉತ್ತರದೇಶದ ಅಣೆಕಟ್ಟು. ಅದು ಮುಗಿಯುವವರೆಗೆ ಊರಿಗೆ ಊರೇ ಟಾಕೀಸಿನ ಹೊರಗೆ ಕಡ್ಲೆಕಾಯಿ ತಿನ್ನುತ್ತ ನಿಲ್ಲುತ್ತಿತ್ತು. ಕಾಲೇಜು ಓದುತ್ತಿದ್ದ ನಾನೂ ಅಷ್ಟೇ.

ಒಂದು ಸಂಜೆ ತಪಾಸಣೆಗೆ ಬಂದ ಸಾಹೇಬರು ಖಾಲಿ ಬೆಂಚು ಕಂಡು ಕೆಂಡವಾದರು. "ಇದು ಸರ್ಕಾರಕ್ಕೆ ಅವಮಾನ! ನಾಳೆ ವಾರ್ತಾಚಿತ್ರದ ಹೊತ್ತಿಗೆ ಬೆಂಚು ತುಂಬಿರದಿದ್ದರೆ ಟಾಕೀಸಿಗೆ ಬೀಗ!"

ಮಾಲೀಕರು ತಲೆಮೇಲೆ ಕೈಹೊತ್ತು ಕೂತರು. ಗೇಟು ಕಾಯುವ ಇಮಾಮಣ್ಣ, "ಬಿಡಿ ಧಣಿ, ನಾನು ನೋಡ್ಕೋತೀನಿ" ಅಂದ.

ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಹೀರುತ್ತ ಇಷ್ಟೇ ಹೇಳಿದ: "ಆ ಅಣೆಕಟ್ಟಿನ ಜನಜಂಗುಳೀಲಿ ನಮ್ಮೂರೋರು ಯಾರೋ ಕಾಣಿಸ್ತಾರಪ್ಪ. ಯಾರೂಂತ ನೋಡೋದ್ರೊಳಗೆ ಚಿತ್ರ ಹೋಗ್ಬಿಡ್ತು."

ಸಂಜೆ ಟಾಕೀಸಿನಲ್ಲಿ ಕಾಲಿಡಲು ಜಾಗವಿಲ್ಲ!

"ಅಗೋ, ನಮ್ಮ ಭಾವ!"

"ನಿಮ್ಮ ಭಾವಂಗೆ ಅಷ್ಟು ಕೂದಲೆಲ್ಲಿದೆಯೋ? ಅದು ನಾನು!"

ಮತ್ತೆ ತಪಾಸಣೆಗೆ ಬಂದ ಸಾಹೇಬರು ಬೆರಗಾದರು. "ಏನಯ್ಯಾ ಇಮಾಮ, ಏನು ಮಾಡಿದೆ?"

"ನಂದೇನೂ ಇಲ್ಲ ಬುದ್ಧಿ. ಅಂದಹಾಗೆ, ಆ ಅಣೆಕಟ್ಟಿನ ಹತ್ರ ಮಂತ್ರಿಗಳ ಹಿಂದೆ ಟೋಪಿ ಹಾಕ್ಕೊಂಡು ನಿಂತಿರೋದು ತಾವಲ್ವಾ?"

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇರಬಹುದು. ಸರ್ಕಾರಿ ಕೆಲಸ ನೋಡು, ಎಲ್ಲೆಲ್ಲಿಗೋ ಹೋಗಿರ್ತೀವಿ." ಬೀಗದ ಮಾತೇ ಮರೆತರು. "ಇನ್ನೊಂದು ಸಲ ಹಾಕಿಸು" ಎಂದು ಮುಂದಿನ ಬೆಂಚಿಗೇ ಹೋಗಿ ಕೂತರು.

ಪಾಪ, ಅವರಿಗೆ ಭ್ರಮೆ. ಮಂತ್ರಿಗಳ ಹಿಂದೆ ಟೋಪಿ ಹಾಕಿ ನಿಂತಿದ್ದವನು ನಾನು ಸ್ವಾಮಿ!