ಗುಂಡಕ್ಕನ ಹಿಂಬಾಗಿಲು

ಒಂದು ಕಾಡಿನ ನಡುವೆ ಹೊಂಡ, ಹೊಂಡದ ದಂಡೆಯಲ್ಲಿ ಹೊಂಗೆ ಮರ. ಬೆಳಗಾದರೆ ಸಾಕು, ನೀರಿಗೆ ಬಂದ ಪ್ರಾಣಿಗಳೆಲ್ಲ ಆ ಮರದ ಕೆಳಗೆ ಸೇರುತ್ತಿದ್ದವು. ಕೊಂಬೆಯ ಮೇಲೆ ಕೂತ ಗೊರವಂಕ, ಯಾರು ಏನು ಹೇಳಿದರೂ ಅದನ್ನು ಇಡೀ ಕಾಡಿಗೆ ಕೇಳುವಂತೆ ಸಾರುತ್ತಿತ್ತು. ಸುದ್ದಿ ಹಿಡಿಸಿದವರು "ಭೇಷ್" ಅನ್ನುವುದು ಅಲ್ಲಿನ ಪದ್ಧತಿ.

ಗುಂಡಕ್ಕ ಎಂಬ ಹೆಗ್ಗಣಕ್ಕೆ ಈ ಭೇಷ್ ಅಂದರೆ ಪ್ರಾಣ. ಹೊಸ ಬಿಲ ತೋಡಿದೆ ಎಂದು ಸಾರಿಸಿದಳು, ಹತ್ತು ಭೇಷ್ ಬಂತು. ನಾಲ್ಕು ಮರಿ ಹಾಕಿದೆ ಎಂದು ಸಾರಿಸಿದಳು, ಇಪ್ಪತ್ತು ಬಂತು. ಆ ದಿನ ಅವಳು ಊಟವನ್ನೇ ಮರೆತಳು ನೋಡಿ ಮಕ್ಕಳೇ.

ಮರುದಿನ ಮೊಲವೊಂದು ಐದು ಮರಿ ಹಾಕಿದ ಸುದ್ದಿ ಬಂತು. ಭೇಷ್ ಎಲ್ಲ ಅತ್ತ ಹೋಯಿತು. ಗುಂಡಕ್ಕನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಇನ್ನೇನು ಹೇಳಲಿ ಎಂದು ತಲೆ ಕೆರೆದುಕೊಂಡಳು.

ಹೆಗ್ಗಣಗಳ ಮನೆಗೆ ಒಂದು ಹಿಂಬಾಗಿಲು ಇರುತ್ತದೆ. ಹೊರಗಿನಿಂದ ತೆಳ್ಳಗೆ ಮಣ್ಣು ಮುಚ್ಚಿರುತ್ತಾರೆ, ಅಪಾಯ ಬಂದರೆ ಒಡೆದುಕೊಂಡು ಓಡಲು. ಅದು ಎಲ್ಲಿದೆ ಎಂದು ಹೆತ್ತ ತಾಯಿಗೂ ಹೇಳುವುದಿಲ್ಲ. ಗುಂಡಕ್ಕ ಅದನ್ನೇ ಗೊರವಂಕನ ಕಿವಿಗೆ ಹಾಕಿದಳು. ಲಂಟಾನ ಪೊದೆಯ ಬುಡದಲ್ಲಿ ಹಿಂಬಾಗಿಲು, ಅದರ ಪಕ್ಕವೇ ಮರಿಗಳ ಕೋಣೆ, ಇಂಥ ಮನೆ ನಮ್ಮ ಕುಲದಲ್ಲೇ ಯಾರೂ ಕಟ್ಟಿಲ್ಲ ಎಂದು ಬೀಗಿದಳು. ನಲವತ್ತು ಭೇಷ್ ಬಿತ್ತು.

ಪಕ್ಕದ ಮನೆಯ ಮುಳ್ಳುಹಂದಿ ಮಾವನಿಗೆ ಮಾತ್ರ ಇದು ಸರಿ ಕಾಣಲಿಲ್ಲ.

"ಹಿಂಬಾಗಿಲು ಹೇಳಿಕೊಳ್ಳುವಂಥದ್ದಲ್ಲ ಕಣವ್ವ," ಎಂದ.

"ಇಲ್ಲಿ ಬರುವವರೆಲ್ಲ ನಮ್ಮವರೇ ಅಲ್ಲವಾ ಮಾವ? ನಲವತ್ತು ಜನ ಭೇಷ್ ಅಂದರು, ಎಣಿಸಿದ್ದೇನೆ."

"ಭೇಷ್ ಅಂದವರನ್ನು ಎಣಿಸಿದೆ. ಕೇಳಿಯೂ ಸುಮ್ಮನಿದ್ದವರನ್ನು ಎಣಿಸಿದೆಯಾ?"

ಮಾವನಿಗೆ ವಯಸ್ಸಾಯಿತು ಎಂದುಕೊಂಡು ಗುಂಡಕ್ಕ ಮನೆಗೆ ಹೋದಳು. ಹೊಂಡದ ಹುಲ್ಲಿನಲ್ಲಿ ದಿನವೂ ಒಂದು ಕೇರೆ ಹಾವು ಮಲಗಿರುತ್ತಿತ್ತು. ಒಮ್ಮೆಯೂ ಭೇಷ್ ಅಂದದ್ದಿಲ್ಲ, ಒಂದು ಸುದ್ದಿಯನ್ನೂ ಕೇಳದೆ ಬಿಟ್ಟದ್ದಿಲ್ಲ.

ಮರುದಿನ ಬೆಳಿಗ್ಗೆ ಗುಂಡಕ್ಕ ಎಂದಿನಂತೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ಈಗ ಕೇಳಿ, ಗೊರವಂಕ ಯಾರ ಗುಟ್ಟನ್ನೂ ಉಳಿಸಿಕೊಳ್ಳುವ ಹಕ್ಕಿಯಲ್ಲ, ಹಾವಿನದನ್ನೂ ಉಳಿಸಿಕೊಳ್ಳಲಿಲ್ಲ. "ಕೇರೆಯಣ್ಣನಿಗೆ ಗುಂಡಕ್ಕನ ಮನೆ ಬಹಳ ಹಿಡಿಸಿದೆ. ಅವಳು ಹೊಂಡದ ಹತ್ತಿರ ಎಷ್ಟು ಹೊತ್ತು ಇರುತ್ತಾಳೆ ಎಂದು ಕೇಳಿದ. ಬಿಸಿಲೇರುವ ತನಕ ಎಂದು ಹೇಳಿದ್ದೇನೆ," ಎಂದು ಸಾರಿತು.

ರೂಢಿಯಂತೆ ಎಲ್ಲರೂ "ಭೇಷ್" ಅಂದರು.

ಗುಂಡಕ್ಕ ಗಕ್ಕನೆ ತಿರುಗಿ ಹುಲ್ಲಿನ ಕಡೆ ನೋಡಿದಳು, ಹಾವು ಇರಲಿಲ್ಲ. "ಮಾವ, ನನ್ನ ಮಕ್ಕಳು," ಎಂದಷ್ಟೇ ಹೇಳಿ ಓಡಿದಳು. ಅಲ್ಲೇ ಇದ್ದ ಮಾವನೂ ಹಿಂದೆಯೇ ಓಡಿದ.

ಲಂಟಾನದ ಬುಡದಲ್ಲಿ ಮಣ್ಣು ಆಗಲೇ ಬಿರಿದಿತ್ತು. ಹಾವಿನ ತಲೆ ಇನ್ನೇನು ಒಳಗೆ ನುಗ್ಗಬೇಕು, ಅಷ್ಟರಲ್ಲಿ ಮಾವ ಮುಳ್ಳು ನಿಮಿರಿಸಿ, ಹಿಂದಕ್ಕೆ ಹಿಂದಕ್ಕೆ ಬಂದು ಅದರ ಮೈಗೆ ಒತ್ತಿದ. ಮೈಯಲ್ಲಿ ಎರಡು ಮುಳ್ಳು ಸಿಕ್ಕಿಸಿಕೊಂಡ ಹಾವು ಪೊದೆ ನುಸುಳಿ ಓಡಿತು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಗುಂಡಕ್ಕ ಮುಂಬಾಗಿಲಿನಿಂದ ಒಳಗೆ ಹೋಗಿ ಮರಿಗಳನ್ನು ಎಣಿಸಿದಳು. ಒಂದು, ಎರಡು, ಮೂರು. ಹಾಸಿದ ಹುಲ್ಲನ್ನೆಲ್ಲ ಕೆದಕಿದಳು. ನಾಲ್ಕನೆಯದು ಹುಲ್ಲಿನಡಿ ಹೊಟ್ಟೆ ಮೇಲೆ ಮಾಡಿ ಹಾಯಾಗಿ ನಿದ್ದೆ ಹೊಡೆಯುತ್ತಿತ್ತು. ಗುಂಡಕ್ಕ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು, ಆಮೇಲೆ ನಕ್ಕಳು. ಅಂದೇ ಆ ಬಾಗಿಲಿಗೆ ಕಲ್ಲು ತುಂಬಿ ಬೇರೆ ಕಡೆ ಹೊಸದು ತೋಡಿದಳು.

ಮಾರನೆಯ ದಿನ ಗೊರವಂಕ ಆಸೆಯಿಂದ ಕೇಳಿತು, "ಹೊಸ ಹಿಂಬಾಗಿಲು ಎಲ್ಲಿ ಗುಂಡಕ್ಕ?"

"ಈ ದಿನ ಹೊಂಡದ ನೀರು ತಣ್ಣಗಿದೆ ಅಂತ ಸಾರಪ್ಪ," ಎಂದಳು ಗುಂಡಕ್ಕ.

ಒಂದೇ ಒಂದು ಭೇಷ್ ಬಂತು. ಅಂದದ್ದು ಮುಳ್ಳುಹಂದಿ ಮಾವ. ಗುಂಡಕ್ಕ ಅಷ್ಟಕ್ಕೇ ಹಿಗ್ಗಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ನೀತಿ: ಹೊಗಳಿಕೆಯ ಆಸೆಗೆ ಮನೆಯ ಗುಟ್ಟನ್ನು ಎಲ್ಲರ ಮುಂದೆ ಇಡಬೇಡಿ, ಮೆಚ್ಚಿದವರು ಮಾತ್ರ ಕಾಣುತ್ತಾರೆ, ಹೊಂಚು ಹಾಕುವವರು ಕಾಣುವುದಿಲ್ಲ.