ಓಬಮ್ಮನ ಮೂರು ಜೊತೆ ರೆಕ್ಕೆ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೆ ಏನಲ್ಲ, ನಿನಗೆ ಮೊದಲನೇ ಹಾಲುಹಲ್ಲು ಬರೋಕೆ ಮುಂಚೆ ಅಂದ್ಕೋ, ಒಂದೂರಲ್ಲಿ ಮೂರು ಜನ ಓಬಮ್ಮನ ಕೈಲಿ ವಿಮಾನ ಕಟ್ಟೋಕೆ ಆಗಲ್ಲ ಅಂದಿದ್ರಂತೆ. ಒಬ್ಬ ಅವಳ ಮೈದುನ ತಿಪ್ಪೇಸ್ವಾಮಿ. ಇನ್ನೊಬ್ಬ ಕಮ್ಮಾರ ವೀರಾಚಾರಿ, ಅದು ಹಾರಿದ್ರೆ ಮೀಸೆ ಬೋಳಿಸ್ತೀನಿ ಅಂದವನು. ಮೂರನೆಯವರು ರುದ್ರಮುನಿ ಮೇಷ್ಟ್ರು. ಸ್ಕೂಲ್ ಮೆಟ್ಟಿಲು ಹತ್ತದವಳು ಆಕಾಶ ಹತ್ತುತಾಳಂತೆ ಅಂತ ಹೋಟ್ಲಲ್ಲಿ ಕೂತು ನಕ್ಕಿದ್ರಂತೆ. ಮೂರೂ ಹೆಸರು ಜ್ಞಾಪಕ ಇಟ್ಕೋ. ಓಬಮ್ಮನೂ ಇಟ್ಕೊಂಡಿದ್ಲು.

ಈ ಓಬಮ್ಮ ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಮೂವತ್ತು ವರ್ಷ ಶರಟಿನ ಕಾಲರ್ ಹೊಲಿದವಳು. ಓದು ಯಾರೂ ಕಲಿಸಿರ್ಲಿಲ್ಲ, ಬಸ್ಸಿನ ಬೋರ್ಡು, ಕಡ್ಲೆಕಾಯಿ ಕಟ್ಟಿದ ಪೇಪರು ನೋಡ್ಕೊಂಡೇ ಕಲಿತಿದ್ಲಂತೆ. ರಿಟೈರಾದ ದಿನ ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟು, ಇನ್ನು ಆರಾಮಾಗಿ ಕೂತ್ಕೊಳಮ್ಮ ಅಂದ್ರಂತೆ. ಒಂದು ದಿನ ಕೂತ್ಲು. ಆಮೇಲೆ ಆಗಲಿಲ್ಲ. ಸಂತೇಲಿ ಹಳೇ ಪುಸ್ತಕದ ರಾಶಿ ಕೆದಕ್ತಾ ಇದ್ದಾಗ, ಮನೇಲೇ ವಿಮಾನ ಕಟ್ಟೋದು ಹೇಗೆ ಅನ್ನೋ ಪುಸ್ತಕ ಸಿಕ್ತಂತೆ. ಒಳಗಿನ ನಕ್ಷೆ ರವಿಕೆ ಕತ್ತರಿಸೋ ಅಳತೆ ಥರಾನೇ ಇತ್ತಂತೆ, ಇಲ್ಲಿ ಬೆನ್ನು, ಇಲ್ಲಿ ತೋಳು, ಇಲ್ಲಿ ಹೊಲಿಗೆ. ಅವಳ ಎದೆ ಮಷೀನಿನ ಸೂಜಿ ಥರ ಟಕಟಕ ಅಂತಂತೆ. ಅರ್ಥವಾಗದ ಮಾತಿಗೆಲ್ಲ ರುದ್ರಮುನಿ ಮೇಷ್ಟ್ರ ಬಾಗಿಲನ್ನೇ ತಟ್ಟಿದ್ಲಂತೆ, ನಗೋದಾದ್ರೆ ನಗಿ ಮೇಷ್ಟ್ರೇ, ಆದ್ರೆ ಅರ್ಥ ಹೇಳಿಬಿಟ್ಟು ನಗಿ ಅಂತ. ವೀರಾಚಾರಿ ಬೈಕೊಂಡೇ ಪೈಪು ಬೆಸೆದು ವಿಮಾನದ ಎಲುಬಿನ ಗೂಡು ಮಾಡಿಕೊಟ್ಟನಂತೆ.

ಆಮೇಲೆ ರೆಕ್ಕೆಗೆ ಬಟ್ಟೆ ತೊಡಿಸ್ಬೇಕು. ದಿಂಬಿಗೆ ಗವಸು ಹಾಕ್ದಂಗೆ ಮಷೀನಲ್ಲಿ ಹೊಲಿದು ತೊಡಿಸಿದ್ಲಂತೆ. ಬಟ್ಟೆ ಬಿಗಿಯಾಗೋಕೆ ಒಂದು ಥರದ ಬಣ್ಣ ಬಳೀಬೇಕು ಅಂತ ಪುಸ್ತಕದಲ್ಲಿತ್ತು. ಬಟ್ಟೆ ಬಿಗಿ ಮಾಡೋದನ್ನ ನನಗೆ ಹೇಳ್ಕೊಡೋಕೆ ಬಂದ್ರಾ ಅಂತ ಓಬಮ್ಮ, ಸೀರೆಗೆ ಹಾಕೋ ಹಾಗೆ ಅನ್ನದ ಗಂಜಿ ಬಳಿದ್ಲಂತೆ. ಬಡಿದ್ರೆ ತಮಟೆ ಥರ ನಾದ. ಒಣಗಲಿ ಅಂತ ಬಿಸಿಲಿಗಿಟ್ಟು ಒಳಗೆ ಹೋಗಿ ಉಂಡು ಬರೋದರಲ್ಲಿ, ಪಕ್ಕದ ಮನೆ ಮೇಕೆಗಳು ಎಡಗಡೆ ರೆಕ್ಕೆ ಪೂರ್ತಿ, ಬಲಗಡೇದು ಅರ್ಧ ಮೇಯ್ದು ಬಿಟ್ಟಿದ್ವಂತೆ. ಊರೋರು ನಮ್ಮೂರ ವಿಮಾನ ಹಾರೋದಲ್ಲ, ಮೇವು ಅಂದ್ರಂತೆ.

ಎರಡನೇ ಸಲ ಪುಸ್ತಕ ಹೇಳಿದ ಬಣ್ಣವನ್ನೇ ಬಳಿದ್ಲಂತೆ. ಹೊಲಿಗೆ ಮಾತ್ರ ಮತ್ತೆ ಮಷೀನಿಂದು, ಗೆರೆ ಎಳೆದಂಗಿತ್ತು. ವಿಮಾನದ ತಪಾಸಣೆಗೆ ಸರ್ಕಾರದಿಂದ ಬಂದ ಆಫೀಸರಮ್ಮ ಬ್ಲೇಡಲ್ಲಿ ಒಂದೇ ಒಂದು ಎಳೆ ಕತ್ತರಿಸಿ ಜಗ್ಗಿದ್ಲಂತೆ. ಹೊಲಿಗೆ ಸರ್ರನೆ ಗೇಣುದ್ದ ಬಿಚ್ಕೊಳ್ತು. ನಾನು ಜಗ್ಗಿದ್ರೆ ಗೇಣು, ಮೇಲೆ ಗಾಳಿ ಜಗ್ಗಿದ್ರೆ ಎಷ್ಟಮ್ಮ ಅಂದ್ಲಂತೆ. ಓಬಮ್ಮ ಆ ಬಟ್ಟೇನೂ ಬಿಚ್ಚಿ ಹಾಕಿದ್ಲಂತೆ.

ಆಮೇಲೆ ಅವಳಿಗೆ ಅವ್ವನ ಜ್ಞಾಪಕ ಬಂತಂತೆ. ಅವ್ವ ಶೇಂಗಾ ಮಂಡೀಲಿ ಚೀಲದ ಬಾಯಿ ಹೊಲೀತಿದ್ಲು, ದಬ್ಬಳದಲ್ಲಿ, ಒಂದೊಂದು ಹೊಲಿಗೆಗೂ ಒಂದೊಂದು ಗಂಟು. ಒಂದು ಹರಿದ್ರೂ ಪಕ್ಕದ್ದು ಬಿಡ್ತಿರ್ಲಿಲ್ಲ. ಓಬಮ್ಮ ದಾರಕ್ಕೆ ಮೇಣ ಉಜ್ಜಿ, ಬಟ್ಟೇನ ರೆಕ್ಕೆಯ ಒಂದೊಂದು ಎಲುಬಿಗೂ ಕೈಯಲ್ಲೇ ಕಟ್ಟಿ ಗಂಟು ಹಾಕ್ತಾ ಹೋದ್ಲಂತೆ, ಎಂಟು ತಿಂಗಳು. ಮತ್ತೆ ಬಂದ ಆಫೀಸರಮ್ಮ ಮೂರು ಕಡೆ ಕತ್ತರಿಸಿ, ಕಾಲು ಕೊಟ್ಟು ಜಗ್ಗಿದ್ರೂ ಅಲ್ಲಾಡಲಿಲ್ಲ. ನಕ್ಕು ಸಹಿ ಹಾಕಿದ್ಲಂತೆ.

ಎಂಜಿನ್ನಿಗೆ ಕೂಡಿಟ್ಟದ್ದು ಸಾಲಲಿಲ್ಲ. ಮೊದಲನೇ ಸಂಬಳದಲ್ಲಿ ತಂದ ಹೊಲಿಗೆ ಮಷೀನೂ ಹೋಯ್ತಂತೆ. ಎಂಜಿನ್ ಕೂರಿಸಿ ಆಯ್ತು, ಹಾರೋ ಹಿಂದಿನ ಸಂಜೆ ತಿಪ್ಪೇಸ್ವಾಮಿ ಬಂದು ಜಗಲಿ ಮೇಲೆ ಕೂತ.

"ಅತ್ತಿಗೆ, ಅನ್ನ ಕೊಡ್ತಿದ್ದ ಮಷೀನೂ ಕೊಟ್ರಿ. ನಾಳೆ ಇದು ಮೇಲೆ ಏಳಲಿಲ್ಲ ಅಂದ್ರೆ ನೀವು ನಮ್ಮನೆ ಮೂಲೇಲಿ ಬಂದು ಬಿದ್ದಿರ್ಬೇಕಾಗುತ್ತೆ."

"ನಿಮ್ಮನೆ ಮೂಲೇಲಿ ಹಿಡಿಯಲ್ಲಪ್ಪ, ರೆಕ್ಕೆ ಉದ್ದ ಇದೆ."

ಹಾಗಂದ್ಲು, ಆದ್ರೆ ಅವತ್ತು ರಾತ್ರಿ ಎದ್ದು ಒಂದೊಂದು ಗಂಟನ್ನೂ ಮತ್ತೆ ಮುಟ್ಟಿ ನೋಡಿದ್ಲಂತೆ.

ಕಟ್ಟೋ ಕೆಲಸದ ಜೊತೆಜೊತೆಗೇ ಹಾರೋದು ಕಲಿಸೋ ಶಾಲೆಗೆ ಎರಡು ವರ್ಷ ಬಸ್ಸಲ್ಲಿ ಓಡಾಡಿ ಲೈಸೆನ್ಸ್ ತಗೊಂಡಿದ್ಲು. ಬೆಳಗಾಯ್ತು. ಒಣಗಿದ ಕೆರೆ ಅಂಗಳದ ತುಂಬ ಜನ. ಸೆರಗು ಬಿಗಿದು ಕಟ್ಟಿ ಕೂತ್ಲಂತೆ. ಎಂಜಿನ್ ಗುಡುಗ್ತು, ಚಕ್ರ ಓಡ್ತು, ಓಡ್ತು, ಕೆರೆ ಏರಿ ಹತ್ರ ಬಂತು, ಇನ್ನೂ ನೆಲ ಬಿಡ್ಲಿಲ್ಲ, ಏರಿ ಇನ್ನೂ ಹತ್ರ, ಆಮೇಲೆ ನೋಡು, ಚಕ್ರದ ಸದ್ದೇ ನಿಂತೋಯ್ತಂತೆ! ಏರಿ ಕೆಳಗೆ ಹೋಯ್ತು, ಊರು ತಟ್ಟೆಯಷ್ಟಾಯ್ತು, ಮೇಕೆಗಳು ಸಾಸಿವೆಯಷ್ಟಾದ್ವು. ಒಂದು ಸುತ್ತು ಮೇಷ್ಟ್ರ ಮನೆ ಮೇಲೆ, ಒಂದು ಸುತ್ತು ಕುಲುಮೆ ಮೇಲೆ. ಮೂರನೇ ಸುತ್ತು ಮೈದುನನ ತಲೆ ಮೇಲೆ, ಅವನ ಟವಲ್ಲು ಹಾರಿ ಜಾಲಿ ಮರಕ್ಕೆ ಸಿಕ್ಕೊಳ್ತಂತೆ. ಗಂಟು ಒಂದೂ ಬಿಚ್ಚಲಿಲ್ಲ. ಇಳಿದು ಬಂದಾಗ ವೀರಾಚಾರಿ ತಾನೇ ಕ್ಷೌರದಂಗಡಿ ಕಡೆ ನಡೆದನಂತೆ. ಮೇಷ್ಟ್ರು ರೆಕ್ಕೆ ಸವರಿ, ಹೊಸ ಪುಸ್ತಕ ಇದ್ರೆ ಅರ್ಥ ಕೇಳೋಕೆ ಬಾರಮ್ಮ ಅಂದ್ರಂತೆ. ತಿಪ್ಪೇಸ್ವಾಮಿ ಮೆಲ್ಲಗೆ, ಅತ್ತಿಗೆ, ಇದ್ರಲ್ಲಿ ಇನ್ನೊಂದು ಸೀಟು ಇದೆ ಅಲ್ವಾ ಅಂದನಂತೆ.

ವಿಮಾನ ಇಳೀತು, ಕತೆನೂ ಇಳೀತು, ಕಣ್ಣು ಮುಚ್ಕೋ. ಈಗ ಓಬಮ್ಮನ ಹತ್ರ ಎರಡು ಸೀಟಿನ ಒಂದು ವಿಮಾನ ಇದೆ, ಅವಳದೇ. ಅದಕ್ಕೆ ಕೊಟ್ಟದ್ದು, ಎಂಟು ತಿಂಗಳ ಬೆರಳು, ಮತ್ತೆ ಆ ಮಷೀನು. ಅದಕ್ಕೇ ಪುಟ್ಟಿ, ನಿನ್ನ ಲಂಗದ ಅಂಚಿಗೆ ನಾನು ಹಾಕಿದ್ದು ಕೈಹೊಲಿಗೆ, ಒಂದೊಂದಕ್ಕೂ ಒಂದೊಂದು ಗಂಟು.